ಚಾಮುಂಡಮ್ಮನ ಕೈಯ ಒನಿಗಿರಿ

ಕೊಡಗಿನ ಗಡಿಯ ಕೊಪ್ಪದ ಬಸ್ ನಿಲ್ದಾಣದ ಹಿಂದೆ ಡೋಲ್ಕರ್ ಎಂಬ ಟಿಬೆಟಿನ ಹೆಂಗಸು ಜಪಾನಿ ಹೋಟೆಲು ಇಟ್ಟಿದ್ದಾಳೆ. ಜಪಾನಿನಲ್ಲಿ ಬಹಳ ವರ್ಷ ಅಡುಗೆ ಕೆಲಸ ಮಾಡಿ ಬಂದವಳು. ಇರುವುದು ಒಂದೇ ಉದ್ದ ಮೇಜು. ಲಾಮಾಗಳು, ಬೇಕರಿಯ ಮಲಯಾಳಿಗಳು, ಕೊಡಗಿನ ತೋಟದವರು, ಪಿರಿಯಾಪಟ್ಟಣದ ಮುಸ್ಲಿಂ ಡ್ರೈವರುಗಳು, ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕೂತು ಸಕ್ಕರೆಯಿಲ್ಲದ ಹಸಿರು ಚಹಾ ಕುಡಿಯುತ್ತಾರೆ, ಒನಿಗಿರಿ ತಿನ್ನುತ್ತಾರೆ. ಒನಿಗಿರಿ ಎಂದರೆ ಮತ್ತೇನಲ್ಲ, ಉಪ್ಪುನೀರಿನಲ್ಲಿ ಕೈ ಅದ್ದಿಕೊಂಡು ಬಿಸಿ ಅನ್ನವನ್ನು ಅಂಗೈಯಲ್ಲೇ ಅಮುಕಿ ಕಟ್ಟುವ ಉಂಡೆ.

ಆ ಅಂಗೈ ಚಾಮುಂಡಮ್ಮನದು. ಅವಳು ಪಿರಿಯಾಪಟ್ಟಣದ ಪಕ್ಕದ ಹಳ್ಳಿಯ ಕೇರಿಯವಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ ವಾರದೊಳಗೇ ಮೇಲ್ಜಾತಿಯ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದ್ದವು. ಮಕ್ಕಳಿಗೇನು ಗೊತ್ತು? ಹೇಳಿಕೊಟ್ಟವರು ದೊಡ್ಡವರು. ಹೊಗೆಸೊಪ್ಪು ಬೆಳೆಯುವ ನಟರಾಜು ಶಾಲಾ ಸಮಿತಿಯ ಅಧ್ಯಕ್ಷ. ಅವನೇ ಮುಂದೆ ನಿಂತು ಅವಳನ್ನು ಕೆಲಸದಿಂದ ಬಿಡಿಸಿದ. "ನಂದೇನಿಲ್ಲ ಕಣಮ್ಮಿ, ಮಕ್ಳು ಉಣ್ಣಕಿಲ್ಲ ಅಂತವೆ" ಎಂದು ನಯವಾಗಿ ಹೇಳಿದ. ಆಮೇಲೆಯೇ ಅವಳು ಡೋಲ್ಕರಳ ಅಡುಗೆಮನೆ ಸೇರಿದ್ದು. ಆ ನಯವನ್ನು ಇಂದಿಗೂ ಮರೆತಿಲ್ಲ.

ಈ ವರ್ಷ ಅದೇ ಕೆಲಸ ಮತ್ತೆ ಖಾಲಿಯಾಯಿತು. ಚಾಮುಂಡಮ್ಮನಿಗೆ ಅದು ಬೇಕೇ ಬೇಕಿತ್ತು. ಮೊಮ್ಮಗಳು ಓದುವ ಶಾಲೆ ಅದು. ಹೊರಗೆ ಹಾಕಿಸಿಕೊಂಡ ಬಾಗಿಲಲ್ಲೇ ತಲೆಯೆತ್ತಿ ಒಳಗೆ ಹೋಗಬೇಕೆಂಬ ಛಲ.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಅಡುಗೆಮನೆಯ ಪರದೆಯಾಚೆ ನಟರಾಜುವಿನ ದನಿ ಕೇಳಿಸಿತು. ಹೊಗೆಸೊಪ್ಪಿನ ಹರಾಜು ಮುಗಿಸಿಕೊಂಡು ಸ್ನೇಹಿತರನ್ನು ಕರೆತಂದಿದ್ದ. ಬಾಯ್ತುಂಬ ಉಂಡೆ ತುಂಬಿಕೊಂಡೇ ಭಾಷಣ ಬೇರೆ.

"ನೋಡ್ರಲಾ, ಎಲ್ಲಾ ಜಾತಿಯೋರೂ ಒಂದೇ ಮೇಜಲ್ಲಿ! ನಮ್ ದೇಸ ಇಂಗಿರ್ಬೇಕು ಕಣ್ರಲಾ."

ಚಾಮುಂಡಮ್ಮ ಕೈಗಂಟಿದ ಅನ್ನವನ್ನೂ ತೊಳೆಯದೆ ಹೊರಗೆ ಬಂದಳು.

"ಚೆಂದಾಗದಾ ನಟರಾಜಣ್ಣ? ನಾನೇ ಕಟ್ಟಿದ್ದು. ಇಸ್ಕೂಲ್ ಕೆಲ್ಸಾನೂ ನಂಗೇ ಕೊಡ್ಸಿ ಮತ್ತೆ."

ನಟರಾಜು ಅವಳ ಕೈ ನೋಡಿದ. ಉಗುಳುವಂತಿಲ್ಲ, ಮೇಜಿನ ತುಂಬ ಜನ. ಕಷ್ಟಪಟ್ಟು ನುಂಗಿ, ಎದ್ದು ಹತ್ತಿರ ಬಂದು ದನಿ ತಗ್ಗಿಸಿದ.

"ಊರಲ್ಲಿ ಇದ್ನ ಆಡ್ಬೇಡ ಕಣಮ್ಮಿ. ಇಲ್ಲಿದು ಇಲ್ಲಿಗೆ."

ಶಾಲೆಯ ಕೆಲಸವನ್ನು ಅವನು ತನ್ನ ಬೀದಿಯವಳಿಗೇ ಕೊಡಿಸಿದ. ಮುಂದಿನ ಹರಾಜಿನ ದಿನ ಅವನ ಕಾರು ಬಂದು ಹೋಟೆಲಿನ ಮುಂದೆ ನಿಂತಿತು. ಅವನು ಇಳಿಯಲಿಲ್ಲ. ಡ್ರೈವರ್ ಒಳಗೆ ಬಂದು ಒನಿಗಿರಿ ಪಾರ್ಸಲ್ ಕೇಳಿದ. ಎಂಥ ನಾಚಿಕೆಗೆಟ್ಟ ನಾಲಗೆ! ಆಕೆ ಬೇಡ, ಆಕೆಯ ಕೈರುಚಿ ಬೇಕು.

ಚಾಮುಂಡಮ್ಮ ಡೋಲ್ಕರಳ ಮುಖ ನೋಡಿದಳು. ಎಲ್ಲ ತಿಳಿದಿದ್ದ ಡೋಲ್ಕರ್ "ಹೋಗು" ಎಂದಳು. ಚಾಮುಂಡಮ್ಮ ನೇರ ಕಾರಿನ ಬಳಿ ಹೋಗಿ ಗಾಜು ಬಡಿದಳು.

"ಎಲ್ರ ಎದ್ರುಗೆ ಕುಂತು ಉಣ್ಣಂಗಿದ್ರೆ ಇಳ್ದು ಬನ್ನಿ. ಕದ್ದು ಉಣ್ಣೋರ್ಗೆ ನಾ ಕಟ್ಟಕಿಲ್ಲ."

ಗಾಜು ಕೆಳಗಿಳಿಯಲಿಲ್ಲ. ಕಾರು ಹೊರಟುಹೋಯಿತು. ಚಾಮುಂಡಮ್ಮನಿಗೆ ಶಾಲೆಯ ಕೆಲಸ ಸಿಗಲಿಲ್ಲ, ನಿಜ. ನಟರಾಜುವಿಗೆ ಅವಳ ಕೈಯ ಅನ್ನ ಸಿಗುವುದೂ ಅಂದಿಗೇ ನಿಂತಿತು.