ಸುಣ್ಣದ ಪಟ್ಟೆಯ ಮಾವಿನ ದಿಮ್ಮಿ

ಬಡಗಿ ತಾತನ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಮುನಿಸಿಕೊಂಡ ಹಾಗೆ ದೂರ ನಿಂತಿತ್ತು. ಜೀವಮಾನವೆಲ್ಲ ಆ ಸಂದಿಯಲ್ಲಿ ಹಲಗೆ ಸಿಕ್ಕಿಸಿ ಉಜ್ಜಿ ಉಜ್ಜಿ ಹಾಗಾಗಿದ್ದು. "ಇದು ಬೆರಳಲ್ಲ ಕಣವ್ವ, ನನ್ನ ಅಸಿಸ್ಟೆಂಟು. ಬೀಡಿ ಸೇದ್ತೀನಿ ಅಂತ ಎದ್ದು ಹೋಗಲ್ಲ," ಅನ್ನುತ್ತಿದ್ದರು.

ತೊಂಬತ್ತರ ದಶಕದ ಮಾತು. ನಮ್ಮ ಯಜಮಾನರು ಹೆತ್ತೂರಿನ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೇಲಿಯಾಚೆ ತಾತನ ಮನೆ. ನನ್ನ ಪುಟ್ಟ ಮಗಳಿಗೆ ಉಬ್ಬಸ. ಮಳೆಗಾಲ ಬಂದರೆ ನೆಲವೇ ಬೆವರುತ್ತಿತ್ತು, ಮಗು ರಾತ್ರಿಯೆಲ್ಲ ಕೂತೇ ಉಸಿರೆಳೆಯುತ್ತಿತ್ತು. ಒಣಗಿದ ಜಾಗ ಅಂದರೆ ನಡುಮನೆಯ ಮೇಲಿನ ಅಟ್ಟ ಒಂದೇ. ಅಲ್ಲಿ ಹಾಸಿದ್ದ ಬಿದಿರೋ, ಹುಳು ತಿಂದು ಪುಡಿಯಾಗಿತ್ತು.

ತಾತ ಹತ್ತಿ ನೋಡಿದರು. "ತೊಲೆ ಮ್ಯಾಲೆ ನೇರ ಹಲಗೆ ಬಡಿದ್ರೆ ಥಂಡಿ ಹಂಗೇ ಏರ್ತದೆ. ಅಡ್ಡಕ್ಕೆ ದಿಮ್ಮಿ ಕೊಟ್ಟು ಎತ್ತರಿಸ್ಬೇಕು. ಅಡಿಯಾಗೆ ಗಾಳಿ ಆಡ್ಬೇಕು."

ಹಲಗೆ ನಮ್ಮಲ್ಲಿತ್ತು. ದಿಮ್ಮಿಗೆ ಒಣಮರ ಆ ಮಳೆಯಲ್ಲಿ ಎಲ್ಲೂ ಸಿಗಲಿಲ್ಲ. ಮಾರನೇ ದಿನ ತಾತ ತಮ್ಮ ಅಟ್ಟದಿಂದಲೇ ಮಾವಿನ ದಿಮ್ಮಿಗಳನ್ನು ಇಳಿಸಿ ಹೊತ್ತು ತಂದರು. ಒಂದೊಂದರ ಮೈಮೇಲೂ ಸುಣ್ಣದ ಪಟ್ಟೆ.

"ಎಲ್ಲಿದು ತಾತ?"

"ಸುಮ್ನೆ ಬಿದ್ದಿತ್ತು ಕಣವ್ವ. ನಂಗೆ ಈಗ್ಲೇ ಏನೂ ಬೇಕಾಗಿಲ್ಲ."

ಕೆಳಗೆ ನಿಂತರೆ ಕಾಣುವ ಆ ಪಟ್ಟೆ ನನಗೆ ಹಿಡಿಸಲಿಲ್ಲ. ಕೆರೆದು ತೆಗೆಯಿರಿ ಎಂದೆ. "ನಿನ್ ಮನೆ ಏನು ಪ್ಯಾಲೇಸಾ? ಇರ್ಲಿ ಬಿಡು," ಎಂದು ನಕ್ಕರು.

ಹಲಗೆ ಹಾಸಿ ಮುಗಿಸಿದ ದಿನ ಮಗಳು ಬೆಳಗಿನವರೆಗೂ ಮಲಗಿದಳು. ದೇವರಿಗೆ ತುಪ್ಪದ ದೀಪ ಹಚ್ಚಿದೆ. ತಾತನಿಗೆ ಒಂದು ಲೋಟ ಕಾಫಿ ಕೊಟ್ಟೆ, ಅಷ್ಟೇ.

ಅದೇ ಮಳೆಗಾಲದಲ್ಲಿ ತಾತ ತೀರಿಕೊಂಡರು. ಅಂಗಳದಲ್ಲಿ ಗಂಡಸರು ಒಣಸೌದೆಗೆ ಪರದಾಡುತ್ತಿದ್ದರು. ಊರಿನ ಹಿರಿಯರೊಬ್ಬರು, "ತನ್ನ ಸುಡೋಕೆ ಅಂತ ಮುದುಕ ಮಾವಿನ ದಿಮ್ಮಿ ಒಣಗ್ಸಿ ಅಟ್ಟದಾಗೆ ಇಟ್ಟಿದ್ನಲ್ರೋ. ಯಾರಾದ್ರೂ ಒಲೆಗೆ ಹಾಕ್ಬುಟ್ಟಾರು ಅಂತ ಸುಣ್ಣ ಬೇರೆ ಬಳಿದಿದ್ದ. ಇಳಿಸ್ರಿ," ಅಂದರು.

ಅವು ಈಗ ನಮ್ಮ ಅಟ್ಟದ ಹಲಗೆಯಡಿ ಇವೆ ಎಂದು ನಾನೇ ಹೇಳಿದೆ. ಯಜಮಾನರು ಹಾರೆ ತರಲು ಹೊರಟರು. ತಾತನ ಹೆಂಡತಿ ಹೆಣದ ತಲೆದಿಸೆಯಿಂದ ಎದ್ದು ಬಂದು ಅವರ ತೋಳು ಹಿಡಿದರು.

"ಕೀಳ್ಬ್ಯಾಡಿ ಕಣ್ರೀ. ಅದು ಕೂಸು ಉಸಿರಾಡೋ ಜಾಗ. ಕೊಟ್ಟೋರು ತಿಳ್ಕೊಂಡೇ ಕೊಟ್ಟವ್ರೆ. ಸುಡೋಕೆ ಹಸೀದಾದ್ರೂ ಆದೀತು."

ಹಸಿಸೌದೆಗೆ ಸೀಮೆಎಣ್ಣೆ ಸುರಿದು ಸುರಿದು ಕಳಿಸಿಕೊಟ್ಟರು. ಸಂಜೆಯಾದರೂ ಹೊಗೆ ಗುಡ್ಡದ ಮೈ ಬಿಟ್ಟು ಏಳಲಿಲ್ಲ. ಮಳೆ ಒಂದಿಷ್ಟು ಹೊತ್ತು ಬಿಡುವು ಕೊಟ್ಟಿತು. ಅದೂ ದೇವರ ದಯೆಯೇ ಅಂದುಕೊಳ್ಳುತ್ತೇನೆ. ಮನಸ್ಸಿಗೆ ಮಾತ್ರ ಸಮಾಧಾನವಾಗುವುದಿಲ್ಲ.

ಮಗಳ ಉಬ್ಬಸ ವಾಸಿಯಾಗಿದೆ. ಬೆಳಿಗ್ಗೆ ದೀಪ ಹಚ್ಚಿ ತಲೆ ಎತ್ತಿದರೆ ಸುಣ್ಣದ ಪಟ್ಟೆ ಕಾಣುತ್ತದೆ. ಆಮೇಲೆ ಎಷ್ಟೋ ಸಲ ಮನೆಗೆ ಬಣ್ಣ ಹೊಡೆಸಿದ್ದೇವೆ. ಅದರ ಮೇಲೆ ಮಾತ್ರ ಬ್ರಷ್ ಆಡಿಸಲು ನಾನು ಬಿಟ್ಟಿಲ್ಲ.