ಗನ್ ಮೇಸ್ತ್ರಿ ಒಪ್ಪಿಕೊಂಡ ತಪ್ಪು

ಹೊಸಪೇಟೆಯ ನನ್ನ ಬಡಿಗತನದ ಅಂಗಡಿಯ ಪಕ್ಕಕ್ಕೆ ಈಗ ಕಾರುಗಳಿಗೆ ಬಣ್ಣ ಹೊಡೆಯುವವರು ಬಂದಿದ್ದಾರೆ. ಮಧ್ಯಾಹ್ನ ಉಂಡು ತುಸು ಕಣ್ಣು ಮುಚ್ಚಿದರೆ ಸಾಕು, ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ ಗೋಡೆ ದಾಟಿ ಬರುತ್ತದೆ. ನನ್ನ ಹೆಂಡತಿಗೆ ಅದರಿಂದ ತಲೆನೋವು. ನನಗೆ ಮಾತ್ರ ಒಬ್ಬ ಮನುಷ್ಯ ಬಂದು ಎದುರಿಗೆ ಕೂತಂತಾಗುತ್ತದೆ... ಕುತ್ತಿಗೆಗೆ ಟವೆಲ್, ಉಗುರಿನ ಸಂದಿಯಲ್ಲಿ ಒಣಗಿದ ಲ್ಯಾಕರ್ ಮೆರುಗೆಣ್ಣೆ, ಬಾಯಿ ತುಂಬ ತನ್ನದೇ ಹೊಗಳಿಕೆ. ನಾವೆಲ್ಲ ಆತನನ್ನು ಗನ್ ಮೇಸ್ತ್ರಿ ಎನ್ನುತ್ತಿದ್ದೆವು.

ಸಂಡೂರಿನವ. ಗಣಿಗಳ ಶೆಡ್ಡುಗಳಿಗೆ ಬಣ್ಣ ಹೊಡೆಯುತ್ತಿದ್ದ ಗುತ್ತಿಗೆದಾರನೊಬ್ಬ ಕಸುಬು ಬಿಟ್ಟಾಗ ಅವನ ಹಳೆಯ ಏರ್‌ಲೆಸ್ ಮಷೀನನ್ನು ಕೊಂಡು, ಸಣ್ಣ ತೂತಿನ ನಾಜಲ್ ಹಾಕಿ, ಕಟ್ಟಿಗೆ ಕೆಲಸಕ್ಕೆ ಪಳಗಿಸಿಕೊಂಡಿದ್ದ. ಬೇರೆ ಸ್ಪ್ರೇ ಗನ್ನುಗಳು ಗಾಳಿಯ ಜೋರಿನಿಂದ ಬಣ್ಣ ಉಗುಳುತ್ತವೆ. ಇದಕ್ಕೆ ಗಾಳಿಯ ಹಂಗಿಲ್ಲ. ಪಂಪು ಲ್ಯಾಕರನ್ನೇ ಒತ್ತಿ ಒತ್ತಿ ಬೀಸಣಿಗೆಯಂತೆ ಹರಡಿ ಬಿಡುತ್ತದೆ. ನಾಜಲ್ ಮುಂದೆ ಯಾರಾದರೂ ಕೈ ತಂದರೆ ಆತ ಕೆಂಡವಾಗುತ್ತಿದ್ದ. "ಬಟ್ಟು ಅಡ್ಡ ಇಟ್ರ ತೊಗಲು ಹರಕೊಂಡು ಒಳಗ ಹೊಕ್ಕತೈತಿ, ಹುಷಾರ್." ಅರಗಿನ ಪಾಲಿಶನ್ನು ಬಟ್ಟೆಯಿಂದ ತಿಕ್ಕುತ್ತ ವಾರಗಟ್ಟಲೆ ಕೂರುತ್ತಿದ್ದ ನಮ್ಮೂರಿನ ಪಾಲಿಶ್‌ನವರು ಆತನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆತನಿಗೂ ಅದೇ ಬೇಕಿತ್ತು. ನನ್ನ ಕೆಲಸದಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ ಎಂದು ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

ತೊಂಬತ್ತರ ದಶಕದ ಶುರುವಿನ ಮಾತು. ಕಂಪ್ಲಿಯ ಗೌಡರೊಬ್ಬರು ಕಾಲುವೆ ನೀರಿನ ಭತ್ತದಲ್ಲಿ ಚೆನ್ನಾಗಿ ಕುದುರಿಕೊಂಡು ಹೊಸ ಮನೆ ಕಟ್ಟಿಸಿದ್ದರು. ಪಡಸಾಲೆಯ ಒಂದು ಗೋಡೆಯುದ್ದಕ್ಕೂ ಕಪಾಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ದೊಡ್ಡ ಕೆಲಸ ನಾನು ಅದುವರೆಗೆ ಹಿಡಿದಿರಲಿಲ್ಲ. ಒಂದೇ ಸಾಗುವಾನಿ ದಿಮ್ಮಿ ಸೀಳಿಸಿ, ಒಂದು ಬಾಗಿಲಿನ ಎಳೆ ಪಕ್ಕದ ಬಾಗಿಲಿಗೆ ಹರಿಯುವಂತೆ ಜೋಡಿಸಿದ್ದೆ. ಗೌಡರಿಗೋ ಅದರ ಮೇಲೆ ಹಸಿರು ಆಯಿಲ್ ಪೇಂಟ್ ಬಳಿಸುವ ಆಸೆ, ಗೇಟಿಗೆ ಬಳಿಸಿದ್ದ ಹಾಗೆ. ಬಳಿದರೆ ಎಳೆಯೆಲ್ಲ ಮುಚ್ಚಿಹೋಗುತ್ತಿತ್ತು. ಕೈಕಾಲು ಹಿಡಿದಷ್ಟು ಮಾಡಿ, ಎಳೆ ಕಾಣುವಂಥ ಲ್ಯಾಕರಿಗೆ ಒಪ್ಪಿಸಿದೆ. "ಆತು. ಚಂದ ಬರಲಿಲ್ಲಂದ್ರ ಮರುದಿನಾನ ಹಸರು ಬಳಸ್ತೀನಿ ನೋಡು," ಎಂದರು. ಪೇಂಟಿನ ಡಬ್ಬಿಗಳನ್ನು ತರಿಸಿ ಬಾಗಿಲ ಬಳಿಯೇ ಇಡಿಸಿದ್ದರು.

ಗನ್ ಮೇಸ್ತ್ರಿ ಬಂದ. ಬಂದವನೇ ಥಿನ್ನರಿಗೆ ಕಿಡಿ ತಗುಲೀತೆಂದು ಒಲೆ ಆರಿಸಲು ಹೇಳಿದ, ಬೀಡಿ ಸೇದುವವರನ್ನು ಬೀದಿಗಟ್ಟಿದ. ಸಂಜೆಯ ಹೊತ್ತಿಗೆ ಕೊನೆಯ ಕೈ ಮುಗಿಯಿತು. ಅಂಚಿನಿಂದ ಅಂಚಿಗೆ ಒಂದೇ ಸಮ ಕೈ ಓಡಿಸುತ್ತಿದ್ದ ಆ ಠೀವಿ ನೋಡಲು ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸಾಗುವಾನಿಯ ಎಳೆ ಒಂದೊಂದೂ ಎದ್ದು ಕಾಣುತ್ತಿತ್ತು. ನಾವಿಬ್ಬರೂ ಮಷೀನು ತೊಳೆಯಲು ಹಿತ್ತಲಿಗೆ ಹೋದೆವು.

ಅದು ಸುಗ್ಗಿಯ ಕಾಲ. ಭತ್ತದ ಹುಲ್ಲು ಹೇರಿದ ಗಾಡಿಗಳು ಮನೆಯ ಮುಂದೆಯೇ ಹೋಗುತ್ತಿದ್ದವು, ಧೂಳಿಗೆ ಲೆಕ್ಕವಿರಲಿಲ್ಲ. ಗೌಡರ ತಾಯಿ, ವಯಸ್ಸಾದ ಅವ್ವ, ಹಸಿ ಬಾಗಿಲುಗಳ ಮೇಲೆ ಧೂಳು ಕೂತೀತೆಂದು ತಮಗೆ ತಿಳಿದ ಉಪಾಯ ಮಾಡಿದ್ದರು. ಪಡಸಾಲೆಯ ನೆಲಕ್ಕೆಲ್ಲ ಕೊಡದಿಂದ ನೀರು ಚಿಮುಕಿಸಿ, ಕಿಟಕಿಗಳಿಗೆ ಸೀರೆ ತೋಯಿಸಿ ಕಟ್ಟಿದ್ದರು. ಧೂಳೇನೋ ನಿಂತಿತು. ಆದರೆ ಒಣಗುವ ಲ್ಯಾಕರಿಗೆ ತೇವದ ಗಾಳಿ ಆಗಿಬರುವುದಿಲ್ಲ. ನಾವು ಒಳಗೆ ಬಂದಾಗ ಕಪಾಟಿನ ಬಾಗಿಲುಗಳೆಲ್ಲ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗಿದ್ದವು.

ಆತ ನೆಲ ನೋಡಿದ. ಕಿಟಕಿ ನೋಡಿದ. ಅವ್ವನ ಕೈಯಲ್ಲಿದ್ದ ಕೊಡ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಗೌಡರು ಬಂದರು. ಮೇಸ್ತ್ರಿ ನನ್ನ ಮುಂಗೈ ಗಟ್ಟಿಯಾಗಿ ಅದುಮಿ, "ನನ್ನ ತಪ್ಪ್ರಿ ಗೌಡ್ರ, ಥಿನ್ನರ್ ಬೆರಸೋದ್ರಾಗ ಎಡವಟ್ಟಾತು. ನಾಳೆ ಮಧ್ಯಾಹ್ನದತನಕ ಬಿಡ್ರಿ," ಎಂದ.

ಗೌಡರು ಡಬ್ಬಿಗಳ ಕಡೆ ನೋಡಿದರು. ಮಗನಿಗಿಂತ ಜೋರಾಗಿ ಬೈದವರು ಅವ್ವ. "ಅಷ್ಟುದ್ದ ಮಷೀನ್ ತಂದು ಇಷ್ಟ ಏನೋ ನೀ ಮಾಡೋದು? ನಾ ಧೂಳು ಕುಂದ್ರಬಾರ್ದಂತ ಸೊಂಟ ಬಗ್ಗಿಸಿ ನೀರು ಹಾಕೀನಿ." ಆತ ತಲೆ ತಗ್ಗಿಸಿ ಎಲ್ಲವನ್ನೂ ಬೈಸಿಕೊಂಡ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಮರುದಿನ ಬಿಸಿಲೇರುವ ತನಕ ಆತ ಬೀಡಿ ಸೇದುತ್ತ ಅಂಗಳದಲ್ಲಿ ಆರಾಮಾಗಿ ಕೂತಿದ್ದ. ನಾನು ಬಾಗಿಲ ಬಳಿಯ ಪೇಂಟಿನ ಡಬ್ಬಿಗಳನ್ನೇ ನೋಡುತ್ತಿದ್ದೆ. "ಯವ್ವಾ, ಇವತ್ತು ನೀರು ಬ್ಯಾಡ. ನನ್ನ ಮಷೀನಿಗೆ ನೀರು ಕಂಡ್ರ ಅಂಜಿಕಿ," ಎಂದಷ್ಟೇ ಹೇಳಿದ. ನೆಲ, ಕಿಟಕಿ ಒಣಗಿದ ಮೇಲೆ ನಿಧಾನಕ್ಕೆ ಆರುವ ಥಿನ್ನರನ್ನು ತೆಳ್ಳಗೆ ಹೊಡೆದ. ಮೇಲಿನ ಪದರ ಕರಗಿ, ಒಳಗಿದ್ದ ತೇವ ಹಾರಿ, ಬಿಳುಪು ಹಿಂದೆ ಸರಿಯಿತು. ಎಳೆಗಳು ಒಂದೊಂದಾಗಿ ಮೇಲೆದ್ದು ಬಂದವು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಗೌಡರು ಆ ಹಸಿರು ಪೇಂಟನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಬಳಿಸಿದರು.

ವಾಪಸ್ ಬರುವ ಬಸ್ಸಿನಲ್ಲಿ ಕೇಳಿದೆ, ತಪ್ಪನ್ನು ಯಾಕೆ ಮೈಮೇಲೆ ಎಳೆದುಕೊಂಡಿರೆಂದು. ಆತ ಕಿಟಕಿಯ ಕಡೆಯೇ ನೋಡುತ್ತಿದ್ದ. "ನಾನು ಬೈಸಿಕೊಂಡು ಬಸ್ ಹತ್ತೀನಿ, ತಮ್ಮಾ. ಆ ಅವ್ವ ಅದ ಮನ್ಯಾಗ ಇರಬೇಕಲ್ಲ."

ಆಮೇಲೂ ಕೆಲವು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಬಡಾಯಿ ಕಡಿಮೆಯಾಗಲಿಲ್ಲ. ಕಂಪ್ಲಿಯ ಸುದ್ದಿಯನ್ನು ಮಾತ್ರ ಆತ ಒಮ್ಮೆಯೂ ಎತ್ತಲಿಲ್ಲ. ಕೆಮ್ಮು ಹತ್ತಿ ಸಂಡೂರಿನಲ್ಲೇ ಉಳಿದ. ಹೋಗಿ ನೋಡಬೇಕು ಎಂದುಕೊಳ್ಳುತ್ತಿರುವಾಗಲೇ... ಸುದ್ದಿ ನನಗೆ ಮುಟ್ಟಿದಾಗ ತಿಥಿಯೂ ಆಗಿಹೋಗಿತ್ತು.

ಹೋದ ವರ್ಷ ಕಂಪ್ಲಿಯಲ್ಲೊಂದು ಮದುವೆ. ಊಟದ ಸಾಲಿನಲ್ಲಿ ಗೌಡರು ನನ್ನ ಪಕ್ಕ ಕೂತರು, ಈಗ ಕೋಲು ಹಿಡಿದಿದ್ದಾರೆ. ಮೊದಲನೇ ದಿನ ಆ ಮೇಸ್ತ್ರಿ ಎಲ್ಲ ಕೆಡಿಸಿಟ್ಟಿದ್ದ ಎಂದು ಆಚೆ ಕೂತವರಿಗೆ ಹೇಳಿ ನಗತೊಡಗಿದರು. ಅವ್ವ ತೀರಿಕೊಂಡು ಬಹಳ ಕಾಲವಾಗಿದೆ. ಇನ್ನು ಹೇಳಿದರೆ ಯಾರಿಗೂ ನೋವಿಲ್ಲ ಎನಿಸಿತು. ಹೇಳಿದೆ.

ಗೌಡರ ಕೈ ಎಲೆಯ ಮೇಲೆ ನಿಂತಿತು. ನೀರು ಕುಡಿದರು. "ನಮ್ಮವ್ವನ ಸಲುವಾಗಿ ಬೈಸಿಕೊಂಡ್ನ ಆತ," ಎಂದು ತಮ್ಮಷ್ಟಕ್ಕೆ ಅಂದುಕೊಂಡು ನನ್ನ ಕಡೆ ತಿರುಗಿದರು. "ಈಗ ಎಲ್ಲದಾನ? ಒಂದ್ಸಲ ಮನಿಗೆ ಕರ್ಕೊಂಡು ಬಾ. ನಾನ ಕೈಯಾರ ಊಟಕ್ಕ ಬಡಿಸ್ತೀನಿ."

ಆತ ತೀರಿಕೊಂಡದ್ದನ್ನು ನಾನು ಹೇಳಬೇಕಿತ್ತು. ಬಡಿಸುವವನು ಅನ್ನ ತಂದು ಎದುರಿಗೆ ನಿಂತ, ನಾನು ಎಲೆಯನ್ನು ತುಸು ಮುಂದಕ್ಕೆ ಸರಿಸಿದೆ.