ಪಾರ್ಕಿನ ಬೆಂಚು ಕಿತ್ತ ಮೇಲೆ

ನಾವು ಕಲಬುರಗಿಯಿಂದ ತೆಲುಗು ನಾಡಿಗೆ ಬಂದು ಅಮೀರ್‌ಪೇಟ್‌ನ ಗಲ್ಲಿಯೊಂದರಲ್ಲಿ ಮನೆ ಮಾಡಿದಾಗ, ಸುತ್ತಲೂ ಸಾಫ್ಟ್‌ವೇರ್ ಕಲಿಸುವ ಕ್ಲಾಸುಗಳು ಏಳುತ್ತಿದ್ದವು. ಅವ್ವನಿಗೆ ಆಗಲೇ ಮೊಣಕಾಲು ನೋವು. ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಹೇಗೋ ಪಾರ್ಕಿನವರೆಗೆ ನಡೆದು, ಬೇವಿನ ಮರದ ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರೆ ಮಾತ್ರ ತಿರುಗಿ ಬರುವ ಶಕ್ತಿ ಬರುತ್ತಿತ್ತು.

ಆ ಬೆಂಚಿನಲ್ಲೇ ಅವಳಿಗೊಬ್ಬ ಗೆಳತಿ ಸಿಕ್ಕಳು. ಅವ್ವನದೇ ವಯಸ್ಸಿನ ತೆಲುಗು ಹೆಂಗಸು, ಅವ್ವನಂತೆಯೇ ಗಂಡನನ್ನು ಕಳೆದುಕೊಂಡವಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಆದರೂ ಹಿಂದಿ ಬೆರೆಸಿ ಸಂಜೆಯಿಡೀ ಮಾತಾಡುತ್ತಿದ್ದರು. ಅಪ್ಪ ಹೋದ ಮೇಲೆ ನಮ್ಮೆದುರು ಅಳದಿದ್ದ ಅವ್ವ, ಆಕೆಯೆದುರು ಅತ್ತಳಂತೆ.

“ಆಕಿ ಹೆಸರೇನವ್ವಾ?” ಎಂದು ಒಮ್ಮೆ ಕೇಳಿದೆ.

“ಹೆಸರು ಯಾಕ ಬೇಕು? ಆಕಿ ನನಗ ಅಕ್ಕಾ ಅಂತಾಳ, ನಾ ಆಕಿಗೆ ವದಿನಾ ಅಂತೀನಿ.”

ವದಿನಾ ಎಂದರೆ ತೆಲುಗಿನಲ್ಲಿ ಅತ್ತಿಗೆ.

ಕ್ಲಾಸುಗಳ ಜೊತೆ ಹುಡುಗರೂ ಹೆಚ್ಚಿದರು. ಹಾಸ್ಟೆಲ್ ಕೋಣೆಗಳಲ್ಲಿ ಕಾಲು ಚಾಚಲು ಜಾಗವಿಲ್ಲದೆ, ಪಾಪ, ಪಾರ್ಕಿನ ಬೆಂಚುಗಳಲ್ಲೇ ಓದುತ್ತಿದ್ದರು, ಅಲ್ಲೇ ನಿದ್ದೆ ಹೋಗುತ್ತಿದ್ದರು. ಅವ್ವ ಬಂದರೆ ಎದ್ದು ಜಾಗ ಬಿಡುತ್ತಿದ್ದರು. ಆದರೆ ಕಾಲೊನಿಯ ಕೆಲವರಿಗೆ ಅವರನ್ನು ಕಂಡರಾಗದು. ದೂರು ಹೋಯಿತು. ಬೆಂಚುಗಳನ್ನೆಲ್ಲ ಕಿತ್ತು ಬಣ್ಣದ ಟೈಲ್ಸ್ ಹಾಕಿಸಿದರು.

ಬೆಂಚಿಲ್ಲದ ಮೊದಲ ಸಂಜೆ ನಾನೂ ಅವ್ವನ ಜೊತೆಗಿದ್ದೆ. ಅವಳು ಮರಕ್ಕೆ ಕೈಯಾನಿಸಿ ನಿಂತಳು.

“ಆಕಿ ಬರೋ ಹೊತ್ತಾತು. ತಡಿ, ಇನ್ನೊಂದೀಟು ನಿಲ್ತೀನಿ.”

“ಕೆಳಗ ಕುಂದ್ರು ಬೇ, ಕಾಲು ನಡುಗಾಕತ್ತಾವ.”

“ಕುಂತ್ರ ಏಳಾಕ ಆಗಂಗಿಲ್ಲವ್ವ.”

ಕೊನೆಗೆ ಆಟೊದಲ್ಲಿ ಕರೆತಂದೆ. ಮೊಣಕಾಲು ಬಾತುಕೊಂಡಿತ್ತು. ಮತ್ತೆ ಅವಳಿಗೆ ಅಲ್ಲಿಗೆ ಹೋಗಲಾಗಲಿಲ್ಲ.

ಕೆಲವು ದಿನ ಬಿಟ್ಟು ನಾನೊಬ್ಬಳೇ ಹೋದೆ. ನಡುವೆ ಒಮ್ಮೆ ವದಿನಾ ಬಂದಿದ್ದಳೆಂದು ಗೇಟಿನ ಬಳಿ ಹೂ ಮಾರುವವಳು ಹೇಳಿದಳು. ಕನ್ನಡದ ಅಕ್ಕ ಬಂದರಾ ಎಂದು ಕೇಳಿ, ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತು, ಹೊರಟುಹೋದಳಂತೆ. ಆಕೆಯ ಮನೆ ಎಲ್ಲಿ ಎಂದು ಹೂವಿನವಳಿಗೂ ಗೊತ್ತಿರಲಿಲ್ಲ. ಎಷ್ಟೋ ಸಂಜೆ ಅಲ್ಲಿ ಕಾದೆ, ಅಕ್ಕಪಕ್ಕದ ಗಲ್ಲಿಗಳಲ್ಲಿ ವಿಚಾರಿಸಿದೆ. ಆಕೆ ಸಿಗಲಿಲ್ಲ. ಒಂದು ಬೆಂಚನ್ನಾದರೂ ಮತ್ತೆ ಹಾಕಿಸಿ ಎಂದು ಕಾಲೊನಿಯ ಹಿರಿಯರನ್ನು ಕೇಳಿದಾಗ, ಕೂರಲು ನಿಮಗೆ ಮನೆಯಿಲ್ಲವೇ ಎಂದು ನಕ್ಕರು.

ಅವ್ವ ಅಡುಗೆಮನೆಯಿಂದ ಬಾಲ್ಕನಿಯವರೆಗೆ ನಡೆಯುತ್ತಿದ್ದಳು. ಬರಬರುತ್ತ ಅದೂ ನಿಂತಿತು. ಅವಳು ತೀರಿಕೊಂಡ ದಿನ ಬಂಧುಗಳಿಗೆಲ್ಲ ಫೋನು ಮಾಡಿದೆ. ವದಿನಾಗೆ ಸುದ್ದಿ ಮುಟ್ಟಿಸಲು ಮಾತ್ರ ಯಾವ ದಾರಿಯೂ ಇರಲಿಲ್ಲ.